ಅರುವತ್ತನಾಲ್ಕು ಮನೆಯೂ ಯಂತ್ರವೂ

ಹಾಸನದ ಸೀಮೆಯ ಒಂದು ಗ್ರಾಮದಲ್ಲಿ ಎಂಬತ್ತರ ಸಮೀಪಕ್ಕೆ ಬಂದ ಗೃಹಸ್ಥರೊಬ್ಬರು ಇರುವರು. ಅವರ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ಮರದ ಪೆಟ್ಟಿಗೆಯುಂಟು. ಅದರಲ್ಲಿ ಅರಗಿನ ಬಣ್ಣ ಹಚ್ಚಿದ ಮೂವತ್ತೆರಡು ಚದುರಂಗದ ಕಾಯಿಗಳು, ನಾಲ್ಕು ಮಡಿಕೆಯಾಗಿ ಮಡಿಸಿದ ಬಟ್ಟೆಯ ಹಾಸು, ಇವುಗಳ ಜೊತೆಗೆ ಹಳೆಯ ಪಂಚಾಂಗಗಳ ಒಂದು ಕಟ್ಟು. ಪಂಚಾಂಗಗಳ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಗುರುತುಗಳನ್ನು ಹಾಕಿದೆ. ಅಡ್ಡಗೆರೆಯಾದರೆ ಮನೆಯ ಯಜಮಾನರು ಗೆದ್ದ ಆಟ; ನಿಲುಗೆರೆಯಾದರೆ ಎದುರುಮನೆಯ ಪುರೋಹಿತರು ಗೆದ್ದದ್ದು; ಸೊನ್ನೆಯಾದರೆ ಸಮ. ಮೂವತ್ತೇಳು ವರ್ಷಗಳ ಲೆಕ್ಕ ಹೀಗೆ ನಡೆದಿದೆ. ಪುರೋಹಿತರು ತೀರಿಕೊಂಡ ಸಂವತ್ಸರದ ಪಂಚಾಂಗದಲ್ಲಿ ಆಷಾಢಮಾಸದವರೆಗೆ ಗುರುತುಗಳಿವೆ. ಮುಂದಿನ ಪುಟಗಳ ಅಂಚು ಬರಿದು.

ಆ ಮೇಲೆ ನಾಲ್ಕು ವರ್ಷ ಪೆಟ್ಟಿಗೆಯನ್ನು ಯಾರೂ ತೆರೆಯಲಿಲ್ಲ. ಒಂದು ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಂದ ಹದಿನಾರು ವರ್ಷದ ಮೊಮ್ಮಗನು ಅದನ್ನು ಕಂಡು, ತಾತನಿಗೆ ಜೊತೆಯಿಲ್ಲವೆಂಬುದನ್ನು ಮನಸ್ಸಿಗೆ ತಂದುಕೊಂಡು, ತನ್ನ ಟ್ಯಾಬ್ಲೆಟ್ಟನ್ನು ಅವರ ಮುಂದೆ ಇಟ್ಟನು. ಗಾಜಿನ ಹಲಗೆಯ ಮೇಲೆ ಅರುವತ್ತನಾಲ್ಕು ಮನೆಗಳು ಬೆಳಗಿದುವು. ವೃದ್ಧರು ಕನ್ನಡಕವನ್ನು ಸರಿಪಡಿಸಿಕೊಂಡು ಆಟಕ್ಕೆ ತೊಡಗಿದರು. ಏಳೆಂಟು ನಡೆಗಳಾದುವು. ಬಳಿಕ ಅವರು ತಮ್ಮ ರಾಜನನ್ನು ಬೆರಳಿನಿಂದ ಸರಿಸಿ, ಕುದುರೆಯ ನಡೆಗೆ ಸಲ್ಲುವ ಮನೆಯೊಂದರಲ್ಲಿ ನಿಲ್ಲಿಸಿದರು. ರಾಜನು ಹಿಂದಕ್ಕೆ ಜಾರಿ ಸ್ವಸ್ಥಾನವನ್ನು ಸೇರಿದನು. ಮತ್ತೆ ನಿಲ್ಲಿಸಿದರು, ಮತ್ತೆ ಜಾರಿದನು.

“ಏನೋ ಇದು? ರಾಜನಿಗೆ ಇನ್ನೂ ಒಂದು ಶಹವೂ ಬಿದ್ದಿಲ್ಲ. ಒಂದು ಸಲ ಹಾರುವುದಕ್ಕೆ ಅಧಿಕಾರವುಂಟಷ್ಟೆ?”

“ತಾತ, ಅದು ಒಪ್ಪೋದಿಲ್ಲ. ಇದರಲ್ಲಿ ರಾಜ ಹಾರೋ ಹಾಗಿಲ್ಲ.”

“ಹಾಗೆಂದು ಹೇಳಿದವರು ಯಾರು?”

ಹುಡುಗನು ಸ್ವಲ್ಪ ಯೋಚಿಸಿ, “ಅದರೊಳಗೆ ಹಾಗೆ ಬರೆದಿದೆ” ಎಂದನು.

ವೃದ್ಧರು ಮರುಮಾತಾಡಲಿಲ್ಲ. ಕನ್ನಡಕವನ್ನು ಮಡಿಸಿ ಪೆಟ್ಟಿಗೆಯ ಮೇಲಿಟ್ಟು ಸಂಧ್ಯಾವಂದನೆಗೆ ಎದ್ದರು.

ಈ ವ್ಯವಹಾರದಲ್ಲಿ ತಪ್ಪು ಯಾರದು ಎಂದು ಕೇಳಿದರೆ ಇಬ್ಬರದೂ ಅಲ್ಲವೆನ್ನಬೇಕಾಗುತ್ತದೆ. ಚದುರಂಗವು ಈ ದೇಶದ ಆಟ. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿಯೇ ಅಷ್ಟಾಪದದ ಹಲಗೆಯೂ ಚತುರಂಗವೂ ಶ್ಲೇಷೆಗೆ ಒದಗಿರುವುದನ್ನು ಸಂಸ್ಕೃತ ಬಲ್ಲವರು ಅರಿತಿರುವರು. ಇಲ್ಲಿಂದ ಅದು ಪಾರಸೀಕಕ್ಕೆ ಹೋಗಿ, ಅರಬ್ಬರ ಕೈಸೇರಿ, ಯೂರೋಪಿನಲ್ಲಿ ಬೇರೊಂದು ರೂಪವನ್ನು ತಾಳಿತು. ಅಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹೋಗುವ ಹಕ್ಕು ಬಂದಿತು. ರಾಜನು ಆನೆಯ ಮರೆಗೆ ಸರಿದು ಕೋಟೆ ಕಟ್ಟಿಕೊಳ್ಳುವ ಪದ್ಧತಿ ಹುಟ್ಟಿತು. ದೇಶೀಯ ಆಟದಲ್ಲಿ ಕಾಲಾಳು ಎಂದಿಗೂ ಒಂದೇ ಮನೆ. ಕೋಟೆಯಿಲ್ಲ, ಅದಕ್ಕೆ ಬದಲಾಗಿ ಶಹ ತಗುಲದಿರುವ ರಾಜನು ಒಂದು ಸಲ ಮಾತ್ರ ಕುದುರೆಯಂತೆ ಹಾರಬಹುದು. ಕಡೆಯ ಸಾಲನ್ನು ಮುಟ್ಟಿದ ಕಾಲಾಳು ಬೇಕಾದ ಕಾಯಾಗದೆ, ಯಾವ ಕಾಯಿಯ ಮನೆಯನ್ನು ಮುಟ್ಟಿತೋ ಆ ಕಾಯಾಗುತ್ತದೆ. ಊರಿನಿಂದ ಊರಿಗೆ ಇವುಗಳಲ್ಲಿ ಅಲ್ಪಸ್ವಲ್ಪ ಭೇದವೂ ಉಂಟು. ಪಂಜಾಬಿನ ಮೀರ್ ಸುಲ್ತಾನ್ ಖಾನನು ಇಂತಹ ದೇಶೀಯ ಆಟವನ್ನೇ ಮೊದಲು ಕಲಿತು, ತರುವಾಯ ಯೂರೋಪಿನ ಕ್ರಮವನ್ನು ಅಭ್ಯಾಸಮಾಡಿ, ೧೯೨೯, ೧೯೩೨, ೧೯೩೩ನೆಯ ಇಸವಿಗಳಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಪಡೆದನು. ಆದುದರಿಂದ ಹಳೆಯ ಕ್ರಮದವರು ಮಂದಮತಿಗಳೆಂದು ಎಣಿಸುವುದಕ್ಕೆ ಕಾರಣವಿಲ್ಲ.

ಮರದ ಮಣೆಗೂ ಯಂತ್ರಕ್ಕೂ ಇರುವ ಅಂತರವು ಇಲ್ಲಿಯೇ ಕಾಣುವುದು. ಮಣೆಯ ಮೇಲೆ ತಪ್ಪು ನಡೆಯನ್ನು ನಡೆಸುವುದು ಸಾಧ್ಯ. ಎದುರಾಳಿ ಆಕ್ಷೇಪಿಸಬಹುದು, ಜಗಳವಾಗಬಹುದು, ಹಿರಿಯರೊಬ್ಬರನ್ನು ಕರೆದು ಕೇಳಬಹುದು. “ಈ ಸಲ ಹೋಗಲಿ” ಎಂದು ಬಿಟ್ಟುಕೊಡಲೂಬಹುದು. ಅಲ್ಲಿ ನಿಯಮವು ಆಡುವ ಇಬ್ಬರ ಒಪ್ಪಿಗೆಯಲ್ಲಿ ನಿಂತಿದೆ. ಯಂತ್ರದಲ್ಲಿ ತಪ್ಪು ನಡೆಯನ್ನು ಖಂಡಿಸುವವರಾರೂ ಇಲ್ಲ. ಅಂತಹ ನಡೆಗೆ ಎಡೆಯೇ ಇಲ್ಲ. ಹಲಗೆಯಿಂದ ಬಿಟ್ಟ ಕಾಯಿ ನೆಲಕ್ಕೆ ಬೀಳುವಂತೆ ರಾಜನು ತನ್ನ ಮನೆಗೆ ಜಾರುವನು. ನಿಯಮವನ್ನು ಬರೆದವನು ಯಾರೋ, ಎಲ್ಲಿಯೋ, ಅವನೊಡನೆ ವಾದಿಸುವಂತಿಲ್ಲ.

ಆಟವಾಡುವ ಯಂತ್ರವನ್ನು ಕುರಿತ ಆಸೆ ಹಳೆಯದು. ೧೭೭೦ರಲ್ಲಿ ವಿಯೆನ್ನಾ ನಗರದಲ್ಲಿ ಮರಿಯಾ ತೆರೇಸಾ ರಾಣಿಯ ಆಸ್ಥಾನದಲ್ಲಿ ಕೆಂಪೆಲೆನ್ ಎಂಬುವನು ತುರುಕನ ವೇಷದ ಒಂದು ಗೊಂಬೆಯನ್ನು ತಂದು ಚದುರಂಗವಾಡಿಸಿದನು. ಗೊಂಬೆಯ ಮುಂದಿನ ಪೆಟ್ಟಿಗೆಯ ಬಾಗಿಲುಗಳನ್ನು ತೆರೆದರೆ ಹಲ್ಲಿನ ಚಕ್ರಗಳು ಮಾತ್ರ ಕಾಣುತ್ತಿದ್ದುವು. ಆಡುತ್ತಿದ್ದವನು ಒಳಗೆ ಅಡಗಿದ್ದ ಮನುಷ್ಯ. ಎಂಬತ್ತು ವರ್ಷಕ್ಕೂ ಮೇಲ್ಪಟ್ಟು ಎರಡು ಖಂಡಗಳ ಜನರನ್ನು ಬೆರಗುಗೊಳಿಸಿ ಆ ಗೊಂಬೆಯು ೧೮೫೪ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ತುತ್ತಾಯಿತು. ಮೋಸವಿಲ್ಲದ ಯಂತ್ರವನ್ನು ಮಾಡಿದವನು ಸ್ಪೇನ್ ದೇಶದ ತೊರೆಸ್ ಕೆವೆದೊ. ೧೯೧೨ರ ಸುಮಾರಿನಲ್ಲಿ ಅವನು ರಚಿಸಿದ ಯಂತ್ರವು ಒಂದು ರಾಜ, ಒಂದು ಆನೆಗಳಿಂದ ಎದುರಿನ ಒಂಟಿ ರಾಜನನ್ನು ಕಟ್ಟಿಹಾಕುತ್ತಿತ್ತು. ಅಷ್ಟೇ ಅದರ ವಿದ್ಯೆ. ಇಂಗ್ಲೆಂಡಿನ ಅಲನ್ ಟ್ಯೂರಿಂಗನದು ಇದಕ್ಕೂ ವಿಚಿತ್ರ. ಚದುರಂಗವಾಡುವ ಕ್ರಮವನ್ನೆಲ್ಲ ಕಾಗದದ ಮೇಲೆ ಬರೆದಿಟ್ಟನು. ಅದನ್ನು ನಡೆಸಬಲ್ಲ ಯಂತ್ರವಿರಲಿಲ್ಲ. ೧೯೫೨ರಲ್ಲಿ ತಾನೇ ಯಂತ್ರವಾಗಿ ಕುಳಿತು, ಬರೆದ ಕ್ರಮವನ್ನು ಅಕ್ಷರಶಃ ಅನುಸರಿಸಿ, ಒಂದೊಂದು ನಡೆಗೂ ಅರ್ಧ ಗಂಟೆಯ ಮಟ್ಟಿಗೆ ಲೆಕ್ಕಹಾಕಿ ಸ್ನೇಹಿತನೊಬ್ಬನೊಡನೆ ಆಡಿ ಸೋತನು. ಮೊದಲು ಯಂತ್ರದೊಳಗೆ ಮನುಷ್ಯನಿದ್ದನು; ಈಗ ಮನುಷ್ಯನೊಳಗೆ ಯಂತ್ರ.

ಯಂತ್ರದ ಆಲೋಚನೆಯ ಕ್ರಮವನ್ನು ೧೯೫೦ರಲ್ಲಿ ಕ್ಲಾಡ್ ಷಾನನ್ ಎಂಬ ಅಮೆರಿಕದ ಗಣಿತಜ್ಞನು ವಿಶದಪಡಿಸಿದನು. ಅದು ನಮ್ಮ ಹಳ್ಳಿಯ ಆಟಗಾರರಿಗೂ ತಿಳಿದ ಮಾತೇ: “ನಾನು ಇದನ್ನು ನಡೆಸಿದರೆ ಅವನು ಅದನ್ನು ನಡೆಸುವನು, ಆಗ ನಾನು ಹೀಗೆ, ಅವನು ಹಾಗೆ.” ಎದುರಾಳಿಯು ನನಗೆ ಅತ್ಯಂತ ಕೆಡುಕಾದುದನ್ನೇ ಆರಿಸುವನೆಂದು ಭಾವಿಸಿ, ಆ ಕೆಡುಕುಗಳಲ್ಲಿ ಕಡಮೆಯದನ್ನು ಹಿಡಿಯಬೇಕು. ಆದರೆ ಕೊಂಬೆಗೆ ಕೊಂಬೆ ಕವಲೊಡೆದು ಮರವು ಬೆಳೆಯುತ್ತ ಹೋಗುವುದು. ಸಾಧ್ಯವಾದ ಆಟಗಳ ಸಂಖ್ಯೆ ಒಂದರ ಮುಂದೆ ನೂರಿಪ್ಪತ್ತು ಸೊನ್ನೆಗಳನ್ನಿಟ್ಟಷ್ಟು ಎಂದು ಷಾನನ್ನನು ಅಂದಾಜು ಮಾಡಿದನು. ಕಡೆಯವರೆಗೆ ನೋಡುವುದು ಅಸಾಧ್ಯವಾದುದರಿಂದ ಯಂತ್ರವು ಎಲ್ಲಿಯೋ ಒಂದು ಕಡೆ ನಿಂತು, ಕಾಯಿಗಳ ಬೆಲೆಯನ್ನು ಕೂಡಿಸಿ, ಇದು ಲೇಸು ಇದು ಹೊಲ್ಲ ಎಂದು ಊಹಿಸಬೇಕು. ಉಳಿದುದೆಲ್ಲ ವೇಗದ ಮಾತು. ೧೯೯೭ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ ಲೋಕದ ಚಾಂಪಿಯನ್ನನಾದ ಕಾಸ್ಪರೋವನನ್ನು ಮೂರೂವರೆಗೆ ಎರಡೂವರೆಯಂತೆ ಸೋಲಿಸಿದ ಡೀಪ್ ಬ್ಲೂ ಯಂತ್ರವು ಸೆಕೆಂಡಿಗೆ ೨೦ ಕೋಟಿ ಸ್ಥಿತಿಗಳನ್ನು ನೋಡಬಲ್ಲುದಾಗಿತ್ತು. ಹಿಂದಿನ ವರ್ಷ ಅದೇ ಕಾಸ್ಪರೋವನು ಅದನ್ನು ನಾಲ್ಕಕ್ಕೆ ಎರಡರಂತೆ ಗೆದ್ದಿದ್ದನು. ಈ ಕಥೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ, ಇಲ್ಲಿ ಬೆಳೆಸಬೇಕಾಗಿಲ್ಲ.

ಇದಕ್ಕಿಂತಲೂ ಹೃದಯವನ್ನು ಹಿಡಿಯತಕ್ಕ ಕಥೆಯು ಚೆಕರ್ಸ್ ಎಂಬ ಸಾಮಾನ್ಯವಾದ ಆಟದ್ದು. ಇಂಗ್ಲೆಂಡಿನಲ್ಲಿ ಇದನ್ನು ಡ್ರಾಫ್ಟ್ಸ್ ಎನ್ನುವರು. ಚದುರಂಗದ ಹಾಸೇ ಸಾಕು. ಕಪ್ಪು ಮನೆಗಳಲ್ಲಿ ಮಾತ್ರ ಆಟ. ಒಬ್ಬೊಬ್ಬರಿಗೆ ಹನ್ನೆರಡು ಬಿಲ್ಲೆಗಳು; ಓರೆಯಾಗಿ ಮುಂದೆ ಹೋಗುವುದು, ಎದುರಾಳಿಯ ಬಿಲ್ಲೆಯನ್ನು ಹಾರಿ ಕೊಲ್ಲುವುದು. ಮಕ್ಕಳ ಆಟವೆಂದು ತಾತ್ಸಾರ ಮಾಡುವವರುಂಟು. ಅಮೆರಿಕದ ಮೇರಿಯನ್ ಟಿನ್ಸ್‌ಲಿ ಎಂಬುವರು ಈ ಆಟಕ್ಕೆ ತಮ್ಮ ಆಯುಸ್ಸನ್ನೇ ತೆತ್ತರು. ೧೯೨೭ರಲ್ಲಿ ಹುಟ್ಟಿದ ಇವರು ಫ್ಲಾರಿಡಾದಲ್ಲಿ ಗಣಿತದ ಅಧ್ಯಾಪಕರು, ತಮ್ಮ ಚರ್ಚಿನಲ್ಲಿ ಧರ್ಮೋಪದೇಶ ಮಾಡುತ್ತಿದ್ದವರು, ಅವಿವಾಹಿತರು. ೧೯೫೦ರಿಂದ ೧೯೯೫ರಲ್ಲಿ ತೀರಿಕೊಳ್ಳುವವರೆಗೆ, ನಾಲ್ವತ್ತೈದು ವರ್ಷಗಳ ಸ್ಪರ್ಧೆಗಳಲ್ಲಿ, ಅವರು ಸೋತ ಆಟಗಳು ಹತ್ತಕ್ಕಿಂತ ಕಡಮೆ. ಯಾವ ಆಟದಲ್ಲಿಯೂ ಇಂತಹ ಕೀರ್ತಿ ಇನ್ನೊಬ್ಬರಿಗೆ ಬಂದಿರುವುದು ಅಪೂರ್ವ.

ಹೀಗೆ ಗೆಲ್ಲುವವನ ದುಃಖವನ್ನು ಸಾಮಾನ್ಯರು ಊಹಿಸಲಾರರು. ಟಿನ್ಸ್‌ಲಿಯವರ ಮುಂದೆ ಕುಳಿತವರೆಲ್ಲರೂ ಹೆದರಿ, ಹೇಗಾದರೂ ಸಮವಾದರೆ ಸಾಕೆಂದು ಸಪ್ಪೆಯಾಗಿ ಆಡುತ್ತಿದ್ದರು. ಆಗ ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಜೊನಾಥನ್ ಷೆಫರ್ ಎಂಬ ವಿದ್ವಾಂಸನು ೧೯೮೯ರಲ್ಲಿ ಚಿನೂಕ್ ಎಂಬ ಪ್ರೋಗ್ರಾಮನ್ನು ಬರೆಯಲಾರಂಭಿಸಿದನು. ಚಿನೂಕ್ ಎಂದರೆ ಆ ಸೀಮೆಯ ಪರ್ವತಗಳಿಂದ ಇಳಿದು ಬೀಸುವ ಬೆಚ್ಚನೆಯ ಗಾಳಿ. ಆಂಗ್ಲಭಾಷೆಯಲ್ಲಿ ಡ್ರಾಫ್ಟ್ ಎಂದರೆ ಗಾಳಿಯ ಸುಳಿಯೂ ಆಗುವುದರಿಂದ ಹೆಸರಿನಲ್ಲಿ ಒಂದು ಶ್ಲೇಷೆ. ಹೃದಯಹೀನವೆನ್ನುವ ಯಂತ್ರವನ್ನು ಮಾಡುವವರಲ್ಲಿಯೂ ಇಷ್ಟು ರಸಿಕತೆ ಇರುತ್ತದೆ. ೧೯೯೦ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಚಿನೂಕ್ ಟಿನ್ಸ್‌ಲಿಯವರಿಗೆ ಎರಡನೆಯದಾಗಿ ಬಂದು, ಚಾಂಪಿಯನ್ ಪದವಿಗೆ ಸವಾಲು ಹಾಕುವ ಯೋಗ್ಯತೆಯನ್ನು ಪಡೆಯಿತು. ಯಂತ್ರಕ್ಕೆ ಆ ಹಕ್ಕು ಸಲ್ಲದೆಂದು ಆಟದ ಸಂಘಗಳವರು ಹಟ ಹಿಡಿದರು. ಟಿನ್ಸ್‌ಲಿಯವರು ಮಾಡಿದುದೇನು? ಪದವಿಯನ್ನೇ ಬಿಟ್ಟುಕೊಟ್ಟು, ಯಂತ್ರದೊಡನೆ ಆಡುವುದಾಗಿ ಒಪ್ಪಿದರು! ಯಂತ್ರಕ್ಕೆ ಅವರ ಹೆಸರಿನ ಭಯವಿರಲಿಲ್ಲ. ಅದು ಧೈರ್ಯವಾಗಿ ಆಡುತ್ತಿತ್ತು. ಬಹುಕಾಲದ ಮೇಲೆ ತಮಗೆ ತಕ್ಕ ಜೊತೆ ಸಿಕ್ಕಿತೆಂದು ಆ ವೃದ್ಧರು ಹುಡುಗನಂತೆ ಉಲ್ಲಾಸಪಟ್ಟರು.

ಅದೇ ಕಾಲದಲ್ಲಿ ನಡೆದ ಒಂದು ಸೌಹಾರ್ದದ ಆಟದಲ್ಲಿ ಚಿನೂಕ್ ಹತ್ತನೆಯ ನಡೆಯನ್ನು ನಡೆಸಿದೊಡನೆಯೆ ಟಿನ್ಸ್‌ಲಿಯವರು, ಇದಕ್ಕಾಗಿ ನೀನು ಪಶ್ಚಾತ್ತಾಪಪಡುವೆ ಎಂಬರ್ಥದ ಮಾತನ್ನಾಡಿದರಂತೆ. ಆ ಹೊತ್ತಿನಲ್ಲಿ ಯಂತ್ರದ ಲೆಕ್ಕದಂತೆ ಯಂತ್ರವೇ ಮೇಲುಗೈ. ಮೂವತ್ತಾರನೆಯ ನಡೆಗೆ ಅದು ಸೋಲನ್ನೊಪ್ಪಿಕೊಂಡಿತು. ಷೆಫರನು ಆಮೇಲೆ ಪರೀಕ್ಷಿಸಿ ನೋಡಲು, ಆ ಹತ್ತನೆಯ ನಡೆಯೇ ಸೋಲಿನ ಬೀಜವೆಂದು ಕಂಡುಬಂದಿತು. ಕೋಟ್ಯಂತರ ಸ್ಥಿತಿಗಳನ್ನೆಣಿಸಿಯೂ ಕಾಣದುದು ಒಬ್ಬ ಮುದುಕರ ಕಣ್ಣಿಗೆ ಕಂಡುದು ಹೇಗೆ? ಷೆಫರನಿಗೆ ಚಿನೂಕ್ ಇದ್ದಂತೆ ತಮಗೆ ದೇವರೇ ಪ್ರೋಗ್ರಾಮು ಬರೆದಿರುವನೆಂದು ಟಿನ್ಸ್‌ಲಿಯವರು ಹೇಳುತ್ತಿದ್ದರು.

೧೯೯೨ರಲ್ಲಿ ಲಂಡನ್ ನಗರದಲ್ಲಿ ದೊಡ್ಡ ಪಂದ್ಯವಾಯಿತು. ಟಿನ್ಸ್‌ಲಿಯವರು ನಾಲ್ಕು ಗೆದ್ದರು, ಯಂತ್ರವು ಎರಡು ಗೆದ್ದಿತು; ಮೂವತ್ತಮೂರು ಆಟಗಳು ಸಮ. ೧೯೯೪ರಲ್ಲಿ ಬಾಸ್ಟನ್ನಿನಲ್ಲಿ ಮತ್ತೆ ಕುಳಿತರು. ಆರು ಆಟಗಳಾದುವು, ಆರೂ ಸಮ. ಆಗ ಟಿನ್ಸ್‌ಲಿಯವರಿಗೆ ಹೊಟ್ಟೆಯ ನೋವು ಹೆಚ್ಚಿ ಪಂದ್ಯವನ್ನು ಬಿಡಬೇಕಾಯಿತು. ವೈದ್ಯರು ಪರೀಕ್ಷಿಸಲಾಗಿ ಅರ್ಬುದರೋಗವೆಂದು ತಿಳಿಯಿತು. ೧೯೯೫ರ ಏಪ್ರಿಲಿನಲ್ಲಿ ಅವರು ಕಾಲವಾದರು.

ಚಾಂಪಿಯನ್ ಪದವಿ ಚಿನೂಕಿಗೆ ಬಂದಿತು. ಷೆಫರನಿಗೆ ಅದರಿಂದ ತೃಪ್ತಿಯಾಗುವುದು ಹೇಗೆ? ಟಿನ್ಸ್‌ಲಿಯವರು ಬದುಕಿದ್ದರೆ ಯಂತ್ರವು ಗೆಲ್ಲುತ್ತಿತ್ತೆ ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಉಳಿದಿರಲಿಲ್ಲ. ಉಳಿದುದು ಒಂದೇ ದಾರಿ: ಆಟವನ್ನೇ ತಳಸ್ಪರ್ಶಿಯಾಗಿ ಬಿಡಿಸಿಬಿಡುವುದು. ಚೆಕರ್ಸಿನಲ್ಲಿ ಸಂಭವಿಸಬಹುದಾದ ಸ್ಥಿತಿಗಳು ಐದರ ಮುಂದೆ ಇಪ್ಪತ್ತು ಸೊನ್ನೆಯಷ್ಟು. ಹಲಗೆಯ ಮೇಲೆ ಹತ್ತೇ ಬಿಲ್ಲೆಗಳು ಅಥವಾ ಅದಕ್ಕೂ ಕಡಮೆ ಉಳಿದ ಸ್ಥಿತಿಗಳೇ ಸುಮಾರು ೩೯ ಲಕ್ಷ ಕೋಟಿ. ಅವೆಲ್ಲವುಗಳ ಫಲವನ್ನೂ ಕಂಡುಹಿಡಿದು ಬರೆದಿಟ್ಟರು. ಒಂದು ಕಾಲದಲ್ಲಿ ಇನ್ನೂರು ಯಂತ್ರಗಳವರೆಗೆ ಈ ಕೆಲಸದಲ್ಲಿ ತೊಡಗಿದ್ದುವು. ಮೊದಲುಮಾಡಿದ ಹದಿನೆಂಟು ವರ್ಷಗಳ ಮೇಲೆ, ೨೦೦೭ರಲ್ಲಿ, ಫಲವು ಪ್ರಕಟವಾಯಿತು: ಇಬ್ಬರೂ ತಪ್ಪದೆ ಆಡಿದರೆ ಆಟವು ಸಮ. ತಪ್ಪದವನನ್ನು ಯಂತ್ರವಾಗಲಿ, ದೇವತೆಯಾಗಲಿ ಸೋಲಿಸಲಾರದು. ಲಂಡನ್ನಿನ ಮೂವತ್ತಮೂರು, ಬಾಸ್ಟನ್ನಿನ ಆರು, ಇವುಗಳ ಅರ್ಥವು ಹದಿಮೂರು ವರ್ಷಗಳ ಮೇಲೆ ಹೀಗೆ ಹೊರಬಿದ್ದಿತು.

ನಮ್ಮ ಅಳಗುಳಿ ಮಣೆಯ ದಾಯಾದಿಯೊಂದು ಆಫ್ರಿಕದಲ್ಲಿದೆ. ಅವಾರಿ ಎಂದು ಹೆಸರು. ನಮ್ಮದರಲ್ಲಿ ಹದಿನಾಲ್ಕು ಗುಳಿಗಳಾದರೆ ಅಲ್ಲಿ ಹನ್ನೆರಡು, ಕಾಳು ನಾಲ್ವತ್ತೆಂಟು. ೨೦೦೨ರಲ್ಲಿ ಆಂಸ್ಟರ್‌ಡ್ಯಾಮಿನ ಇಬ್ಬರು ವಿದ್ವಾಂಸರು ಇದರ ೮೮,೯೦೬ ಕೋಟಿ ಸ್ಥಿತಿಗಳನ್ನೂ ಎಣಿಸಿ, ಅದೂ ಸಮವೇ ಎಂದು ತೋರಿಸಿದರು. ಆಷಾಢದಲ್ಲಿ ತವರಿಗೆ ಬಂದು ಹುಣಿಸೆಯ ಬೀಜಗಳನ್ನಿಟ್ಟುಕೊಂಡು ಆಡುವ ಹೆಣ್ಣುಮಕ್ಕಳಿಗೆ ಈ ವಾರ್ತೆಯನ್ನು ತಿಳಿಸಿದರೆ ಅವರು ನಕ್ಕು, ಮುಂದಿನ ಗುಳಿಗೆ ಕೈಹಾಕುವರೆಂಬುದರಲ್ಲಿ ಸಂದೇಹವಿಲ್ಲ.

ಹಾಗೆಂದು ಎಣಿಸುವುದೆಲ್ಲ ನಿಸ್ಸಾರವೆನ್ನಲಾಗದು. ಕುದುರೆಯನ್ನು ಹಾಸಿನ ಎಲ್ಲ ಮನೆಗಳಿಗೂ ಒಂದೊಂದೇ ಸಲ ನಡೆಯಿಸುವ ತುರಗಗತಿಯ ವಿನೋದವು ನಮ್ಮಲ್ಲಿ ಪುರಾತನವಾದುದು. ಒಂಬತ್ತನೆಯ ಶತಮಾನದ ರುದ್ರಟನು ಕಾವ್ಯಾಲಂಕಾರದಲ್ಲಿ ಅದನ್ನು ಅರ್ಧ ಹಾಸಿನ ಮೇಲೆ ಶ್ಲೋಕವಾಗಿ ಕಟ್ಟಿರುವನು. ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ ಆ ಬಂಧವನ್ನು ರಚಿಸಿರುವರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರಿಗಂತೂ ಇದು ಆಯುಷ್ಯದ ವ್ಯಸನ. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳಿಗೇ ಸ್ಥಾನ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳ ಚಿತ್ರಗಳಿವೆ. ಹೊರಟ ಮನೆಗೇ ತಿರುಗಿ ಸೇರುವ ಇಂತಹ ಗತಿಗಳು ಒಟ್ಟು ಎಷ್ಟೆಂಬುದು ಯಾರ ಎಣಿಕೆಗೂ ಸಿಕ್ಕಿರಲಿಲ್ಲ. ಅವು ೧೩ ಲಕ್ಷ ಕೋಟಿಗೂ ಮಿಗಿಲೆಂದು ೧೯೯೭ರಲ್ಲಿ ಆಸ್ಟ್ರೇಲಿಯದ ಬ್ರೆಂಡನ್ ಮಕೇ ಯಂತ್ರದಿಂದ ನಿಶ್ಚಯಿಸಿದನು. ಮಹಾರಾಜರಿಗೆ ಇದು ತಿಳಿದಿದ್ದರೆ ಆ ಪಂಡಿತನಿಗೆ ಜೋಡುಶಾಲು ತಪ್ಪುತ್ತಿರಲಿಲ್ಲ.

ಚೀನ, ಜಪಾನ್, ಕೊರಿಯ ದೇಶಗಳ ‘ಗೋ’ ಎಂಬ ಆಟಕ್ಕೆ ಮುನ್ನೂರ ಅರುವತ್ತೊಂದು ಸಂಧಿಸ್ಥಾನಗಳು. ಅಲ್ಲಿ ಲೆಕ್ಕದ ವೇಗವು ಸಾಲದು. ಯಂತ್ರವೇ ಅಭ್ಯಾಸಮಾಡಿ ಕಲಿಯಬೇಕಾಯಿತು. ೨೦೧೬ರ ಮಾರ್ಚಿನಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ ಎಂಬ ಪ್ರೋಗ್ರಾಮು ಲೀ ಸೆಡೋಲ್ ಎಂಬ ಮಹಾ ಆಟಗಾರನನ್ನು ನಾಲ್ಕಕ್ಕೆ ಒಂದರಂತೆ ಸೋಲಿಸಿತು. ಎರಡನೆಯ ಆಟದ ಮೂವತ್ತೇಳನೆಯ ನಡೆಯನ್ನು ಕಂಡ ವ್ಯಾಖ್ಯಾನಕಾರರು ಅದು ಪ್ರಮಾದವೆಂದೇ ಭ್ರಮಿಸಿದ್ದರು. ನಾಲ್ಕನೆಯ ಆಟದ ಎಪ್ಪತ್ತೆಂಟನೆಯ ನಡೆಯಿಂದ ಲೀಯು ಯಂತ್ರವನ್ನು ಕಂಗೆಡಿಸಿ ಒಂದು ಗೆಲುವನ್ನು ಪಡೆದನು. ಮೂರು ವರ್ಷಗಳ ಮೇಲೆ, ೨೦೧೯ರಲ್ಲಿ, ಸೋಲಿಸಲಾಗದುದೊಂದು ಇರುವಾಗ ತಾನು ಮೊದಲಿಗನಾಗಿಯೂ ಫಲವಿಲ್ಲವೆಂಬ ಭಾವದಿಂದ ಅವನು ಸ್ಪರ್ಧೆಯನ್ನೇ ಬಿಟ್ಟನು. ಟಿನ್ಸ್‌ಲಿಯವರ ಉಲ್ಲಾಸದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಆದರೆ ಲೀಗೆ ಆಗ ಮೂವತ್ತಾರು ವಯಸ್ಸು, ಅವನನ್ನು ದೂರುವ ಅಧಿಕಾರ ಯಾರಿಗಿದೆ? ಇನ್ನೊಂದು ಬಗೆಯ ನಿದರ್ಶನವೂ ಉಂಟು. ೨೦೨೪ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಆದ ಚೆನ್ನೈನ ಗುಕೇಶನಿಗೆ ಅವನ ಗುರುವು ಎಳೆವಯಸ್ಸಿನಲ್ಲಿ ಬಹುಕಾಲ ಯಂತ್ರದ ನೆರವನ್ನು ಕೊಡದೆ, ಮೊದಲು ತನ್ನ ತಲೆಯಿಂದಲೇ ಲೆಕ್ಕಹಾಕುವುದನ್ನು ರೂಢಿಮಾಡಿಸಿದನು.

ಹಳ್ಳಿಯ ಮನೆಯ ಮಾತಿಗೆ ಬರೋಣ. ರಾಜನು ಜಾರಿದ ಸಂಜೆಯ ತರುವಾಯ ಹುಡುಗನು ಸುಮ್ಮನಿರಲಿಲ್ಲ. ಫೇರಿ-ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮೊಂದು ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದಂತೆ ಬಿಡುಗಡೆಯಾಗಿದೆ. ನಾನಾ ದೇಶಗಳ ಚದುರಂಗಭೇದಗಳನ್ನು ಅದು ಆಡಬಲ್ಲುದು. ಅದರ ನಿಯಮಗಳನ್ನು ಹುಡುಕುತ್ತಿರುವಾಗ, ಕಾಂಬೋಡಿಯ ದೇಶದ ಊಕ್ ಚತ್ರಂಗ್ ಎಂಬ ಆಟದಲ್ಲಿಯೂ ರಾಜನಿಗೆ ಮೊದಲ ನಡೆಯಲ್ಲಿ ಕುದುರೆಯಂತೆ ಹಾರುವ ಹಕ್ಕು ಇರುವುದನ್ನು ಅವನು ಕಂಡನು. ಮೂರು ರಾತ್ರಿ ಕುಳಿತು ಅದನ್ನು ಇದಕ್ಕೆ ಹೊಂದಿಸಿದನು. ಕಾಲಾಳಿನ ಎರಡು ಮನೆಯ ನಡೆಯನ್ನು ತೆಗೆದನು, ಕೋಟೆಯನ್ನು ತೆಗೆದನು. ಕಾಲಾಳು ಆಯಾ ಮನೆಯ ಕಾಯಾಗುವ ನಿಯಮ ಮಾತ್ರ ಅವನ ಕೈಗೆ ಹತ್ತಲಿಲ್ಲ.

“ತಾತ, ಕಡೇ ಸಾಲಿಗೆ ಹೋದ ಕಾಲಾಳು ಮಂತ್ರೀನೇ ಆಗತ್ತೆ. ಅದೊಂದು ಬರಲಿಲ್ಲ.”

“ಆಗಲಿ. ಅರಸೀಕೆರೆಯ ಕಡೆಯವರೂ ಹಾಗೆಯೇ ಆಡುತ್ತಿದ್ದರು. ಕಾಂಬೋಜದಲ್ಲಿ ರಾಜ ಹಾರುವನೆಂದೆಯಲ್ಲ, ಅದು ನಿಜವೆ?”

“ನಿಜ ತಾತ.”

ವೃದ್ಧರಿಗೆ ಇದರಿಂದಾದ ಸಂತೋಷವು ಆಟದ ಸಂತೋಷಕ್ಕಿಂತ ಹೆಚ್ಚಾಗಿತ್ತು. ಅಂದು ಮಧ್ಯಾಹ್ನ ಊಟವಾದ ಮೇಲೆ ಹುಡುಗನು ಟಿನ್ಸ್‌ಲಿಯವರ ಕಥೆಯನ್ನೂ ಹೇಳಿದನು. ಅವರು ಕಣ್ಣುಮುಚ್ಚಿಕೊಂಡು ಕೇಳಿ, ಮೂವತ್ತಮೂರು ಸಮವೆಂಬುದನ್ನು ಎರಡು ಸಲ ಹೇಳಿಸಿಕೊಂಡು, ಪೆಟ್ಟಿಗೆಯನ್ನು ತೆರೆದು ಪಂಚಾಂಗಗಳ ಕಟ್ಟನ್ನು ಬಿಚ್ಚಿದರು; ಒಂದೊಂದು ಸಂವತ್ಸರದ ಸೊನ್ನೆಗಳನ್ನು ಬೆರಳಿಟ್ಟು ಎಣಿಸುತ್ತ ಸಂಜೆಯವರೆಗೆ ಕುಳಿತರು. ಎಷ್ಟಾದುವೆಂದು ಯಾರಿಗೂ ಹೇಳಲಿಲ್ಲ.

ದೀಪ ಹಚ್ಚಿದ ಮೇಲೆ ಮರದ ಕಾಯಿಗಳನ್ನು ಹಾಸಿನ ಮೇಲೆ ಹೂಡಿದರು. ಯಂತ್ರದ ನಡೆಗಳನ್ನು ಹುಡುಗನು ನೋಡಿ ಹೇಳುವುದು, ತಾತನು ಎರಡು ಕಡೆಯ ಕಾಯಿಗಳನ್ನೂ ಕೈಯಿಂದ ನಡೆಸುವುದು, ಹೀಗೆಂದು ಒಪ್ಪಂದವಾಯಿತು. ಹನ್ನೊಂದನೆಯ ನಡೆಯಲ್ಲಿ ವೃದ್ಧರು ಆನೆಯನ್ನು ಸರಿಸಿ, ಇನ್ನೆರಡು ನಡೆಗೆ ಶಹ ಕೊಡುವುದೆಂದು ನಿಶ್ಚಯಿಸಿಕೊಂಡು ಗೋಡೆಗೆ ಒರಗಿದರು. ಹುಡುಗನು ಗಾಜಿನ ಹಲಗೆಯನ್ನು ನೋಡಿ ತಡೆದನು.

“ಏನು ನಡೆಸಿತೋ?”

“ಅದರ ರಾಜ ಹಾರಿತು, ತಾತ.”

ಎಲ್ಲಿಗೆಂದು ಕೇಳಿ, ಎದುರಿನ ರಾಜನನ್ನು ತಾವೇ ಎತ್ತಿ ಆ ಮನೆಯಲ್ಲಿ ಇಟ್ಟರು. ಶಹ ಕೊಡುವ ದಾರಿ ಮುಚ್ಚಿಹೋಗಿತ್ತು. ಅವರ ಒಂಟೆಯೂ ಈಗ ಇಕ್ಕಟ್ಟಿನಲ್ಲಿತ್ತು. ಬಹಳ ಹೊತ್ತು ನೋಡಿದರು. “ಪುರೋಹಿತರೂ ಇಲ್ಲಿಗೇ ಹಾರಿಸುತ್ತಿದ್ದರು” ಎಂದು ಹೇಳಿ, ಗೂಡಿನಲ್ಲಿದ್ದ ಈ ವರ್ಷದ ಪಂಚಾಂಗವನ್ನೂ ಸೀಸದ ಕಡ್ಡಿಯನ್ನೂ ತರುವಂತೆ ಹುಡುಗನಿಗೆ ಹೇಳಿದರು. ಒಳಗಿನಿಂದ ಊಟಕ್ಕೆ ಎರಡು ಸಲ ಕರೆಯಿತು. ಮೂರನೆಯ ಕರೆಗೆ ಅವರು ಒಂಟೆಯ ಮೇಲೆ ಬೆರಳಿಟ್ಟಿದ್ದರು. ಮುಟ್ಟಿದ ಕಾಯನ್ನು ನಡೆಸಲೇಬೇಕಾದುದರಿಂದ ಏಳುವಂತಿರಲಿಲ್ಲ.